ರೆವರೆಂಡ್ ಕಿಟೆಲ್ ಮತ್ತು ನಮ್ಮ ಶಾಲೆಯ ಪುಸ್ತಕದ ಬೀರು

ನಮ್ಮ ಊರಿನ ಹೆಸರಿನಲ್ಲಿಯೇ ಪರದೇಶದವರೊಬ್ಬರ ಹೆಸರಿದೆ. ಪಕ್ಕದ ರಾಬರ್ಟ್‌ಸನ್‌ಪೇಟೆಯೂ ಹಾಗೆಯೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿಯ ಗಣಿಗೆ ಕೈ ಹಾಕಿದ ಮೇಲೆ ಶಾಫ್ಟುಗಳು ಇಳಿದವು, ಲೈನುಗಳು ಎದ್ದವು, ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಜನ ಬಂದು ನೆಲೆಸಿದರು. ಅದೇ ಕಾಲದಲ್ಲಿ ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ ಮತ್ತೊಬ್ಬ ಪರದೇಶದವರು ಬೇರೊಂದು ಬಗೆಯ ಗಣಿಯಲ್ಲಿ ದುಡಿಯುತ್ತಿದ್ದರು. ಅವರ ಹೆಸರಿನ ಪೇಟೆ ನಮ್ಮಲ್ಲಿಲ್ಲ. ಆದರೆ ಅವರ ಪುಸ್ತಕದ ಮರುಮುದ್ರಣದ ಒಂದು ಪ್ರತಿ, ಬೆನ್ನು ಬಿಚ್ಚಿ ಎರಡು ಭಾಗವಾಗಿ, ನಮ್ಮ ಶಾಲೆಯ ಬೀರುವಿನಲ್ಲಿದೆ. ಅವರೇ ರೆವರೆಂಡ್ ಫರ್ಡಿನೆಂಡ್ ಕಿಟೆಲ್.

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಒಬ್ಬ ಮಹನೀಯರ ಜೀವನವನ್ನು ಕುರಿತು ಬರೆದುಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದಾಗ ನಾನು ಕಿಟೆಲ್ ಅವರನ್ನು ಆರಿಸಿಕೊಳ್ಳಲು ಕಾರಣವಿದೆ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಬೇಕೋ, ಕಂಪ್ಯೂಟರ್ ಕೊಳ್ಳಬೇಕೋ ಎಂಬ ಮಾತು ಈಗ ನಡೆದಿದೆ. ಎಲ್ಲವೂ ಫೋನಿನಲ್ಲೇ ಸಿಗುವಾಗ ಬೀರು ಏಕೆ ಎನ್ನುವವರು ಒಂದು ಕಡೆ. ಪುಸ್ತಕವೆಂದರೆ ಕಾಗದವೇ, ಮಿಕ್ಕದ್ದೆಲ್ಲ ಆಟ ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷದಲ್ಲೂ ನನ್ನ ಶಿಷ್ಯರಿದ್ದಾರೆ. ಹೀಗಾಗಿ ಪುಸ್ತಕ ಎಂದರೆ ಏನು ಎಂಬ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಬೇಕು ಎನಿಸಿತು. ಕಿಟೆಲ್ ಅವರ ಬಾಳು ಆ ಪ್ರಶ್ನೆಗೆ ನಾನು ಕಂಡ ಒಳ್ಳೆಯ ಉತ್ತರ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರದಲ್ಲಿ ಸಮುದ್ರದ ಅಂಚಿಗಿರುವ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಹುಡುಗನಾಗಿದ್ದಾಗಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಳಗಿದರು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿಗೆ ಸೇರಿ ತರಬೇತಿ ಪಡೆದು, 1853ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ ಕನ್ನಡ ನಾಡಿಗೆ ಬಂದರು. ಬಂದದ್ದು ಕ್ರೈಸ್ತ ಧರ್ಮದ ಪ್ರಚಾರಕ್ಕೆ. ಅದನ್ನು ಮರೆಮಾಚಬೇಕಾದ್ದಿಲ್ಲ. ಆದರೆ ಕೇಳುವವರ ಮಾತು ಬಾರದೆ ಹೇಳುವ ಮಾತು ನಡೆಯದು ಎಂಬುದನ್ನು ಅವರು ಬೇಗ ಅರಿತರು. ಧಾರವಾಡದ ಕಡೆ ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಜನರ ನಡುವೆ ಕುಳಿತು ಕನ್ನಡ ಕಲಿತರು. ಮಿಷನ್ನಿನ ಕೆಲವರಿಗೆ ಈ ರೀತಿ ಹಿಡಿಸಲಿಲ್ಲ. ಅವರನ್ನು ಬೆಂಬಲಿಸಿದ ಹಿರಿಯರು ಹರ್ಮನ್ ಮೋಗ್ಲಿಂಗ್.

ಮೋಗ್ಲಿಂಗ್ ಅವರ ಹೆಸರು ನಮ್ಮ ಮಕ್ಕಳಿಗೆ ಸಾಮಾನ್ಯ ಜ್ಞಾನದ ಪರೀಕ್ಷೆಯಿಂದ ಗೊತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದವರು ಅವರೇ. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ. ಜಿಡ್ಡಿನ ಶಾಯಿಯಲ್ಲಿ ಬರೆದುದನ್ನು ನಯವಾದ ಕಲ್ಲಿಗೆ ಇಳಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ನೀರು ಜಿಡ್ಡಿನ ಮೇಲೆ ನಿಲ್ಲದು. ಆಮೇಲೆ ಹಚ್ಚುವ ಮಸಿ ಒದ್ದೆಯ ಮೇಲೆ ನಿಲ್ಲದೆ ಅಕ್ಷರಕ್ಕಷ್ಟೇ ಅಂಟುತ್ತದೆ. ಹೀಗೆ ಬರೆಯುವವನ ಕೈಬರಹವೇ ಅಚ್ಚಾಗುತ್ತದೆ. ಹಳೆಯ ಕಾವ್ಯಗಳನ್ನೂ ಮೋಗ್ಲಿಂಗ್ ಹೀಗೆಯೇ ಅಚ್ಚು ಮಾಡಿಸಿದರು. ಅಲ್ಲಿಯತನಕ ಅವು ತಾಳೆಗರಿಯಲ್ಲಿದ್ದವು.

ಕಿಟೆಲ್ ಕೈಗೆ ಬಂದ ಕನ್ನಡ ಸಾಹಿತ್ಯವೂ ಬಹುಪಾಲು ತಾಳೆಗರಿಯದೇ. ಆ ಗರಿಯನ್ನು ನೋಡಿದವರಿಗೆ ಅದರ ಕಷ್ಟ ತಿಳಿಯುತ್ತದೆ. ಕಬ್ಬಿಣದ ಲೇಖನಿಯಿಂದ ಅಕ್ಷರ ಕೊರೆದು, ಕಪ್ಪು ಸವರಿ, ಒರೆಸಿದರೆ ಗೀರಿನಲ್ಲಿ ಕಪ್ಪು ಉಳಿದು ಬರಹ ಕಾಣುತ್ತದೆ. ಪದದಿಂದ ಪದಕ್ಕೆ ಜಾಗ ಬಿಡುವ ರೂಢಿಯಿಲ್ಲ. ಗರಿಗೆ ಹುಳು ಬೀಳುತ್ತದೆ, ಅಂಚು ಮುರಿಯುತ್ತದೆ. ಹಳೆಯ ಕಟ್ಟು ಜೀರ್ಣವಾಗುವ ಮೊದಲು ಯಾರಾದರೂ ಕುಳಿತು ಹೊಸ ಗರಿಗೆ ಇಳಿಸಬೇಕು. ಪಂಪನ ಕಾವ್ಯ ಸಾವಿರ ವರ್ಷ ಉಳಿದದ್ದು ಗರಿ ಗಟ್ಟಿಯಾಗಿದ್ದುದರಿಂದಲ್ಲ. ಹೆಸರಿಲ್ಲದ ಲಿಪಿಕಾರರು ತಲೆಮಾರಿಗೊಮ್ಮೆ ಅದನ್ನು ನಕಲು ಮಾಡಿದ್ದರಿಂದ. ಯಾರೂ ನಕಲು ಮಾಡದೆ ಬಿಟ್ಟ ಕಾವ್ಯಗಳು ಹೆಸರಾಗಿ ಮಾತ್ರ ಉಳಿದಿವೆ.

ಕಿಟೆಲ್ ಇಂಥ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚಿಗೆ ತಂದರು. ಒಂದು ವ್ಯಾಕರಣ, ಇನ್ನೊಂದು ಛಂದಸ್ಸು. ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ತಾವೇ ಕನ್ನಡ ಪದ್ಯದಲ್ಲಿ ಬರೆದಿದ್ದರು. ಹುಟ್ಟುಭಾಷೆ ಜರ್ಮನ್ ಆಗಿದ್ದವರು ಒಂಬತ್ತು ವರ್ಷಗಳಲ್ಲಿ ನಮ್ಮ ಛಂದಸ್ಸಿಗೆ ಕೈ ಹಾಕಿದರು ಎಂದರೆ ಅವರ ಪರಿಶ್ರಮವನ್ನು ಊಹಿಸಿಕೊಳ್ಳಬಹುದು.

ಅವರ ದೊಡ್ಡ ಕೆಲಸ ಕನ್ನಡ–ಇಂಗ್ಲಿಷ್ ನಿಘಂಟು. ಕನ್ನಡಕ್ಕೆ ಅದಕ್ಕೂ ಮೊದಲೇ ಒಂದು ಅಚ್ಚಾದ ನಿಘಂಟಿತ್ತು. ವಿಲಿಯಂ ರೀವ್ ಎಂಬವರದು, ಕಿಟೆಲ್ ಹುಟ್ಟಿದ 1832ರಲ್ಲೇ ಹೊರಬಂದದ್ದು. ಅದು ಸಾಲದಾಗಿತ್ತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ, ಹಳ್ಳಿಯ ಆಡುಮಾತು, ಗಾದೆ ಎಲ್ಲವನ್ನೂ ಒಳಗೊಳ್ಳುವ ಕೋಶ ಬೇಕಿತ್ತು. ಕಿಟೆಲ್ ಗ್ರಂಥಗಳಿಂದ ಪದ ಆರಿಸಿದರು, ಪಂಡಿತರನ್ನು ಕೇಳಿದರು, ಜನರ ಬಾಯಿಂದ ಗಾದೆಗಳನ್ನು ಬರೆದುಕೊಂಡರು. ಮಂಗಳೂರು, ಮಡಿಕೇರಿ, ಧಾರವಾಡ ಎಂದು ಅವರ ವಾಸ ಬದಲಾಗುತ್ತಿತ್ತು. ಪದಸಂಗ್ರಹ ಮಾತ್ರ ನಿಲ್ಲಲಿಲ್ಲ. ಮೊದಲ ಹೆಂಡತಿ ಪೌಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ, 1864ರಲ್ಲಿ, ಇಲ್ಲಿಯೇ ತೀರಿಕೊಂಡರು. ನಡುವೆ ಕೆಲವು ವರ್ಷ ಜರ್ಮನಿಯಲ್ಲಿದ್ದು, ಕೋಶದ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದರು. ಆರೋಗ್ಯ ಕೆಟ್ಟು 1892ರಲ್ಲಿ ಕೊನೆಯ ಬಾರಿಗೆ ಈ ನಾಡನ್ನು ಬಿಟ್ಟರು.

ನಿಘಂಟು ಹೊರಬಂದದ್ದು 1894ರಲ್ಲಿ, ಮಂಗಳೂರಿನಿಂದ. ಅದರಲ್ಲಿ ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಇವರು ಕನ್ನಡ ನಾಡಿಗೆ ಕಾಲಿಟ್ಟು 41 ವರ್ಷಗಳಾಗಿದ್ದವು, ವಯಸ್ಸು ಅರವತ್ತೆರಡು. ಪುಸ್ತಕ ಅಚ್ಚಾದದ್ದು ಇಲ್ಲಿ, ಬರೆದವರು ಇದ್ದದ್ದು ದೂರದ ಟ್ಯೂಬಿಂಗನ್ನಿನಲ್ಲಿ. 1896ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆ ನಿಘಂಟನ್ನು ಅಚ್ಚು ಹಾಕಿದವರನ್ನೂ ಇಲ್ಲಿ ನೆನೆಯಬೇಕು. ಕನ್ನಡಕ್ಕೆ ಮೊಳೆ ಜೋಡಿಸುವುದು ಸುಲಭವಲ್ಲ. ಕಾಗುಣಿತ ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಇಂಗ್ಲಿಷಿಗೆ ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು ಬಗೆಯ ಮೊಳೆಗಳು ಬೇಕು. ಕಿಟೆಲ್ ಕೋಶದ ಒಂದು ಸಾಲಿನಲ್ಲೇ ಕನ್ನಡ ಲಿಪಿಯೂ ಇದೆ, ಗುರುತುಗಳನ್ನು ಹೊತ್ತ ರೋಮನ್ ಅಕ್ಷರವೂ ಇದೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಪುಟ ಜೋಡಿಸಿ, ಕರಡು ತಿದ್ದಿ, ಅಚ್ಚು ಹಾಕಿದ ಮೇಲೆ ಮೊಳೆಗಳನ್ನೆಲ್ಲ ಬಿಡಿಸಿ ಅವುಗಳ ಗೂಡಿಗೆ ಹಾಕಿ ಮುಂದಿನ ಪುಟಕ್ಕೆ ಬಳಸಬೇಕು. ಹೀಗೆ 1,700 ಬಾರಿ. ಮುಖಪುಟದಲ್ಲಿ ಹೆಸರು ಒಬ್ಬರದೇ. ಪುಟಗಳ ಹಿಂದೆ ಇದ್ದ ಕೈಗಳು ಬಹಳ.

ಇನ್ನು ಈ ಕೋಶದ ಒಳಗೆ ಏನಿದೆ ಎಂಬುದನ್ನು ನಮ್ಮ ಊರಿನವರಿಗೆ ವಿಶೇಷವಾಗಿ ಹೇಳಬೇಕು. ಪದ, ಅದರ ಅರ್ಥ ಇಷ್ಟಕ್ಕೇ ಕಿಟೆಲ್ ನಿಲ್ಲಲಿಲ್ಲ. ಆ ಪದ ಯಾವ ಕಾವ್ಯದಲ್ಲಿ ಬಂದಿದೆ, ಯಾವ ಸೀಮೆಯಲ್ಲಿ ಆಡುತ್ತಾರೆ, ಯಾವ ಗಾದೆಯಲ್ಲಿದೆ ಎಂದು ಸಾಕ್ಷಿ ಕೊಟ್ಟರು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದರ ಬಂಧುಗಳು ಯಾವುವು ಎಂಬುದನ್ನೂ ಚಿಕ್ಕ ಗುರುತು ಹಾಕಿ ತೋರಿಸಿದರು.

ಆಂಡರ್ಸನ್‌ಪೇಟೆಯಲ್ಲಿ ಕನ್ನಡ ಮೇಷ್ಟರಾದವನಿಗೆ ಇದರ ಬೆಲೆ ಗೊತ್ತು. ನನ್ನ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಹಲವರಿಗೆ ಮನೆಯ ಮಾತು ತಮಿಳು, ಕೆಲವರಿಗೆ ತೆಲುಗು, ಕೆಲವರಿಗೆ ಉರ್ದು. ಹಾಲು ಎನ್ನಬೇಕಾದಲ್ಲಿ ಒಂದು ಮಗು ಪಾಲ್ ಎಂದರೆ ಉಳಿದವರು ನಗುತ್ತಿದ್ದರು. ಆಗ ನಾನು ನಿಘಂಟನ್ನು ತೆಗೆದು ತೋರಿಸುತ್ತಿದ್ದೆ. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಎಂದೇ ಹೆಸರು. ಹುಲಿ ಪುಲಿಯಾಗಿತ್ತು, ಹಲ್ಲು ಪಲ್ ಆಗಿತ್ತು. ಕನ್ನಡದಲ್ಲಿ ಕಾಲಕ್ರಮದಲ್ಲಿ ಮೊದಲ ಪಕಾರ ಹಕಾರವಾಯಿತು. ತಮಿಳಿನಲ್ಲಿ ಪಕಾರವಾಗಿಯೇ ಉಳಿಯಿತು. ನಮ್ಮ ಊರಿಗೆ ಜೀವ ಕೊಟ್ಟ ಹೊನ್ನಿನ ಮಾತೂ ಅಷ್ಟೇ: ಹಳಗನ್ನಡದಲ್ಲಿ ಪೊನ್, ತಮಿಳಿನಲ್ಲೂ ಪೊನ್. ತಪ್ಪು ಹೇಳಿತೆಂದು ನಗಿಸಿಕೊಂಡ ಮಗು ಪಂಪನ ಕಾಲದ ಕನ್ನಡವನ್ನೇ ಆಡಿತ್ತು ಎಂದು ತಿಳಿದಾಗ ತರಗತಿ ಸುಮ್ಮನಾಗುತ್ತಿತ್ತು. ಆ ಮಗುವಿನ ಮುಖ ನೋಡಬೇಕಿತ್ತು. ಕನ್ನಡ ತನಗೆ ಪರಕೀಯವಲ್ಲ, ದೊಡ್ಡಮ್ಮನ ಮನೆಯಿದ್ದಂತೆ ಎಂಬ ಧೈರ್ಯ ಅದಕ್ಕೆ ಬರುತ್ತಿತ್ತು. ಕನ್ನಡವನ್ನು ಹೊರಗಿನಿಂದ ಬಂದು ಕಲಿತ ಒಬ್ಬರು ಬರೆದ ಪುಸ್ತಕ, ಕನ್ನಡಕ್ಕೆ ಹೊರಗಿನಿಂದ ಬಂದ ಇನ್ನೊಂದು ಮಗುವನ್ನು ಒಳಗೆ ಕರೆದುಕೊಂಡಿತು.

ಕಿಟೆಲ್ ತೀರಿಕೊಂಡ ಮೇಲೂ ಆ ಪುಸ್ತಕದ ಪ್ರಯಾಣ ನಿಲ್ಲಲಿಲ್ಲ. ಪ್ರತಿಗಳು ವಿರಳವಾದವು. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮೂಲದ ಪುಟಗಳನ್ನೇ ಚಿತ್ರ ತೆಗೆದು ಮಾಡಿದ ಮರುಮುದ್ರಣಗಳೂ ಬಂದವು; ನಮ್ಮ ಬೀರುವಿನಲ್ಲಿರುವುದು ಅಂಥದ್ದು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ಹೊರತಂದಿತು. ಈಗ 1894ರ ಪುಟಗಳೆಲ್ಲ ಅಂತರ್ಜಾಲದಲ್ಲಿವೆ. ಯಾರು ಬೇಕಾದರೂ ಹಣವಿಲ್ಲದೆ ತೆರೆದು ನೋಡಬಹುದು.

ವಿದ್ಯುನ್ಮಾನ ಪುಸ್ತಕ ಎಂದಾಗ ನಾವು ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳನ್ನು ಕರೆಯುತ್ತೇವೆ. ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಮೊದಲನೆಯದು ಪುಟದ ಫೋಟೋ. ಪುಸ್ತಕ ಹೇಗಿತ್ತೋ ಹಾಗೆಯೇ ಕಾಣುತ್ತದೆ, ಕಲೆ ಸಹಿತ. ಆದರೆ ಅದರಲ್ಲಿರುವುದು ಅಕ್ಷರ ಎಂದು ಯಂತ್ರಕ್ಕೆ ಗೊತ್ತಿಲ್ಲ; ಅದರ ಪಾಲಿಗೆ ಅದು ಮರದ ಫೋಟೋ ಇದ್ದಂತೆ. ಒಂದು ಪದ ಬೇಕೆಂದರೆ ನಾವೇ ಪುಟ ತಿರುವಬೇಕು. ಎರಡನೆಯದು ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿದ ಅಥವಾ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಡೆದು ತಿದ್ದಿದ ಪಠ್ಯ. ಅದರಲ್ಲಿ ಪದ ಹುಡುಕಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಣ್ಣು ಕಾಣದವರಿಗೆ ಯಂತ್ರವೇ ಓದಿ ಹೇಳುವಂತೆ ಮಾಡಬಹುದು. ಪುಟ ಎಂಬುದೇ ಅಲ್ಲಿ ಸ್ಥಿರವಲ್ಲ. ಫೋನಿನ ಅಗಲಕ್ಕೆ ತಕ್ಕಂತೆ ಸಾಲು ಮುರಿಯುತ್ತದೆ. ಅಮೆರಿಕದಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ 1971ರ ಜುಲೈ 4ರಂದು ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಬೆರಳಚ್ಚು ಮಾಡಿದ್ದೇ ಈ ಎರಡನೆಯ ಬಗೆಯ ಆರಂಭ ಎನ್ನುತ್ತಾರೆ. ನೋಡಿ, ಅವರೂ ಕುಳಿತು ನಕಲು ಮಾಡಿದ ಲಿಪಿಕಾರರೇ.

ಯಂತ್ರಕ್ಕೆ ಅಕ್ಷರ ತಿಳಿಯುವುದು ಸಂಖ್ಯೆಯಾಗಿ. ಮೊದಮೊದಲು ಕನ್ನಡಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆಗಳನ್ನು ಬಳಸುವ ರೂಢಿ ಇರಲಿಲ್ಲ. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಆ ಕಾಲದಲ್ಲಿ ಪ್ರಶ್ನೆಪತ್ರಿಕೆ ಬರೆಸಿದ ಶಿಕ್ಷಕರೆಲ್ಲರಿಗೂ ಇದರ ಅನುಭವವಿದೆ. ನನ್ನ ಬಳಿ ಅಂಥ ಕೆಲವು ಸಿ.ಡಿ.ಗಳಿವೆ; ಹಾಕಲು ಯಂತ್ರ ಸಿಕ್ಕರೆ ಫಾಂಟ್ ಸಿಗುವುದಿಲ್ಲ. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಅದರಲ್ಲಿ ಅಕಾರದ ಸಂಖ್ಯೆ 3205, ಹಕಾರದ್ದು 3257. ಆ ಪಟ್ಟಿ ಬಳಕೆಗೆ ಬಂದ ಮೇಲೆ ಜಗತ್ತಿನ ಯಾವ ಯಂತ್ರದಲ್ಲಿ ತೆರೆದರೂ ಹೊನ್ನು ಹೊನ್ನಾಗಿಯೇ ಕಾಣುತ್ತದೆ.

ಈಗ ಕಾಗದ ಮತ್ತು ಪರದೆಯ ಲೆಕ್ಕ ನೋಡೋಣ. ಫೋನಿನಲ್ಲಿ ಪದ ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ. ಅದು ಬಡ ಮಗುವಿಗೂ ಸಿಗುತ್ತದೆ. 1,700 ಪುಟದ ಪುಸ್ತಕ ಕೊಳ್ಳುವ ಶಕ್ತಿ ನಮ್ಮ ಲೈನುಗಳ ಯಾವ ಮನೆಗಿದೆ? ಇದು ಸಣ್ಣ ಲಾಭವಲ್ಲ. ಆದರೆ ಫೋನು ಕೇಳಿದ ಪದವೊಂದನ್ನೇ ಕೊಡುತ್ತದೆ. ಪುಟ ತೆರೆದವರಿಗೆ ಅದರ ಮೇಲಿನ ಪದ, ಕೆಳಗಿನ ಪದ, ಎದುರು ಪುಟದ ಗಾದೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕೇಳಲು ತೋಚದಿದ್ದದ್ದು ಸಿಗುತ್ತದೆ. ನಾಲ್ಕು ಮಕ್ಕಳು ಒಂದು ದೊಡ್ಡ ನಿಘಂಟಿನ ಸುತ್ತ ಬಗ್ಗಿ ಜಗಳವಾಡುತ್ತಾ ಓದುವುದನ್ನು ನಾನು ಕಂಡಿದ್ದೇನೆ. ಒಂದು ಫೋನಿನ ಸುತ್ತ ಹಾಗೆ ಕೂರುವುದು ಕಷ್ಟ. ಕರೆಂಟ್ ಹೋದರೆ ಕಾಗದ ಓದಲು ಕಿಟಕಿ ಸಾಕು. ಆದರೆ ಮಳೆ ಸೋರಿದರೆ, ಗೆದ್ದಲು ಹಿಡಿದರೆ ಕಾಗದವನ್ನು ಉಳಿಸುವವರಿಲ್ಲ. ಹೀಗೆ ಎರಡಕ್ಕೂ ಗುಣವಿದೆ, ಎರಡಕ್ಕೂ ಕೇಡಿದೆ.

ಹಾಗಾದರೆ ಪುಸ್ತಕ ಎಂದರೆ ಯಾವುದು? ಗರಿಯೇ, ಕಲ್ಲಚ್ಚೇ, ಮೊಳೆಯ ಅಚ್ಚೇ, ಫೋಟೋ ಪುಟವೇ, 3205 ಎಂಬ ಸಂಖ್ಯೆಯೇ? ಕೇಶಿರಾಜನ ಸೂತ್ರ ಇವೆಲ್ಲದರಲ್ಲೂ ಇದ್ದು ಬಂದಿದೆ. ನನಗೆ ಕಾಣುವುದು ಇಷ್ಟು: ಒಬ್ಬರು ಕಂಡದ್ದನ್ನು, ತಾವು ಎಂದೂ ನೋಡದ ಇನ್ನೊಬ್ಬರು ಹುಡುಕಿಕೊಳ್ಳುವಂತೆ ಅಣಿಗೊಳಿಸಿ ಕೊಟ್ಟದ್ದು ಪುಸ್ತಕ. ಅದನ್ನು ಪ್ರತಿ ತಲೆಮಾರೂ ತನ್ನ ಕಾಲದ ವಸ್ತುವಿಗೆ ಕೈಯಾರೆ ಇಳಿಸಿಕೊಳ್ಳಬೇಕು. ಇಳಿಸುವ ಕೈ ನಿಂತ ದಿನ ಗರಿಯೂ ಸಾಯುತ್ತದೆ, ಸಿ.ಡಿ.ಯೂ ಸಾಯುತ್ತದೆ. ಕಿಟೆಲ್ ದೊಡ್ಡವರಾದದ್ದು ಒಂದು ದಪ್ಪ ಪುಸ್ತಕ ಬರೆದುದಕ್ಕಲ್ಲ. ಆ ಸಾಲಿನಲ್ಲಿ ತಮ್ಮ ಪಾಲಿನ ಸ್ಥಳದಲ್ಲಿ ನಲವತ್ತು ವರ್ಷ ಕದಲದೆ ನಿಂತದ್ದಕ್ಕೆ.

ಈ ಮಾತನ್ನು ಒಪ್ಪುವುದಾದರೆ ನಮ್ಮ ಹಣದ ಪ್ರಶ್ನೆಗೆ ಉತ್ತರ ಸುಲಭ. ಬೀರುವಿನಲ್ಲಿ ಹರಿದ ಪುಸ್ತಕಗಳಿಗೆ ಮೊದಲು ರಟ್ಟು ಕಟ್ಟಿಸೋಣ. ನಾಲ್ಕು ಭಾಷೆಯ ಒಳ್ಳೆಯ ನಿಘಂಟುಗಳನ್ನು ಕೊಳ್ಳೋಣ. ಎರಡು ಕಂಪ್ಯೂಟರುಗಳನ್ನೂ ಇಡೋಣ. ಆದರೆ ಇವೆಲ್ಲ ತೆಗೆದುಕೊಳ್ಳುವ ಮಾತಾಯಿತು. ನಾವು ಇಳಿಸಿಕೊಡಬೇಕಾದದ್ದೂ ಒಂದಿದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂದು ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತ ಮಕ್ಕಳೆಲ್ಲ ಆಮೇಲೆ ಹುಟ್ಟಿದವರು. ಕೇಜಿನಲ್ಲಿ ಕುಳಿತು ನೆಲದಡಿಗೆ ಇಳಿದವರು, ರಾಕ್ ಬರ್ಸ್ಟಿನ ಸದ್ದಿಗೆ ಮನೆಯ ಪಾತ್ರೆ ಅಲುಗಿದ್ದನ್ನು ಕಂಡವರು ಈಗ ಮುದುಕರಾಗಿದ್ದಾರೆ. ಅವರ ಬಾಯಲ್ಲಿ ಒಂದು ನುಡಿ ಇದೆ. ಇಂಗ್ಲಿಷಿನಿಂದ ಬಂದು ತಮಿಳು, ತೆಲುಗು, ಕನ್ನಡಗಳ ನಡುವೆ ಸವೆದು ನಮ್ಮದಾದ ಮಾತುಗಳು ಅವು. ಶಿಫ್ಟು, ಶಾಫ್ಟು, ಲೈನು, ಸೈನೈಡ್ ದಿಬ್ಬ ಎಂಬಂಥವು ಹೊರಗಿನವರಿಗೂ ತಿಳಿದಾವು. ಉಪಕರಣಗಳಿಗೆ, ಕಲ್ಲಿನ ಬಗೆಗಳಿಗೆ, ಭಯಕ್ಕೆ, ತಮಾಷೆಗೆ ಅವರು ಇಟ್ಟ ಹೆಸರುಗಳು ಅವರೊಂದಿಗೇ ಹೋಗುತ್ತವೆ. ಕಿಟೆಲ್ ನಮ್ಮ ಊರಿಗೆ ಬರಲಿಲ್ಲ. ಬಂದಿದ್ದರೂ ಆ ಮಾತುಗಳು ಆಗಿನ್ನೂ ಹುಟ್ಟಿರಲಿಲ್ಲ. ಅವನ್ನು ಬರೆದುಕೊಳ್ಳುವ ಪಾಲು ನಮ್ಮದು.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಭಾನುವಾರಕ್ಕೆ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಕಾಣಲಿ. ಒಂದು ಪದಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಪದ, ಅದರ ಅರ್ಥ, ಮನೆಯ ಬೇರೆ ಭಾಷೆಯಲ್ಲಿ ಅದನ್ನು ಹೇಗೆ ಅನ್ನುತ್ತಾರೆ, ಆ ಪದ ಇಟ್ಟು ಹಿರಿಯರು ಆಡಿದ ಒಂದು ವಾಕ್ಯ. ಸಾಕ್ಷಿಯಿಲ್ಲದ ಪದ ಬೇಡ. ಅದು ಕಿಟೆಲ್ ಕಲಿಸಿದ ಶಿಸ್ತು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಫೋನಿಗೂ ಆಯಿತು, ಅಚ್ಚಿಗೂ ಆಯಿತು. ಮೂಲ ಚೀಟಿಗಳು ಬೀರುವಿನಲ್ಲಿರಲಿ. ಇದಕ್ಕೆ ಬೇಕಾದ ಹಣ ಅಲ್ಪ. ಬೇಕಾದದ್ದು ಕಿವಿ ಮತ್ತು ತಾಳ್ಮೆ. ಪರ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೂ ತಂದೆ ತಾಯಿಯರಿಂದ ಕೇಳಿದ್ದನ್ನು ಬರೆದು ಕಳುಹಿಸಬಹುದು.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಿಟೆಲ್ ಅವರ ಪ್ರತಿಮೆ ಇದೆ. ನೂರಾರು ವಾಹನಗಳು ಅದರ ಮುಂದೆ ಹಾದು ಹೋಗುತ್ತವೆ. ಆ ಕಡೆ ಹೋದಾಗ ನಮ್ಮವರು ಒಮ್ಮೆ ನಿಂತು ನೋಡಲಿ. ಊರಿಗೆ ಬಂದಾಗ ಶಾಲೆಗೂ ಬಂದು ಒಂದೆರಡು ಚೀಟಿ ಬರೆದುಕೊಟ್ಟು ಹೋಗಲಿ. ಗುರುಬಂಧುಗಳಲ್ಲಿ ನನ್ನದೊಂದೇ ಬಿನ್ನಹ: ಬೀರುವಿಗೆ ಬೀಗ ಇರಲಿ, ಬೀಗದ ಕೈ ಮಾತ್ರ ಮಕ್ಕಳಿಗೆ ಎಟುಕುವ ಮೊಳೆಯಲ್ಲಿ ತೂಗುತ್ತಿರಲಿ.